ಸಿಗ್ನಲ್ ಫುಲ್ ಇದೆ, ವಿಡಿಯೋ ಯಾಕೆ ನಿಲ್ಲುತ್ತೆ?

ಹಾಸ್ಟೆಲ್‌ನಲ್ಲಿ ಎಲ್ಲರ ಬಾಯಲ್ಲೂ ಇರೋ ಪ್ರಶ್ನೆಯೊಂದನ್ನ ಈ ಸಲ ಎತ್ತಿಕೊಂಡಿದ್ದೇವೆ. ಮೊಬೈಲ್‌ನಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ಇವೆ. ಸ್ಪೀಡ್ ಟೆಸ್ಟ್ ಮಾಡಿದರೆ 40 ಎಂಬಿಪಿಎಸ್ ಅಂತ ತೋರಿಸುತ್ತೆ. ಆದರೂ 3 ಎಂಬಿಪಿಎಸ್ ಸಾಕಾಗುವ ವಿಡಿಯೋ ಮಧ್ಯದಲ್ಲೇ ನಿಂತು ಚಕ್ರ ತಿರುಗುತ್ತೆ. ಹಾಗಾದ್ರೆ ಉಳಿದ 37 ಎಲ್ಲಿ ಹೋಯ್ತು? ಎಲ್ಲಿಗೂ ಹೋಗಿಲ್ಲ. ನಾವು ಅಳೆದಿದ್ದು ಒಂದು, ವಿಡಿಯೋಗೆ ಬೇಕಾಗಿದ್ದು ಇನ್ನೊಂದು, ಅಷ್ಟೇ.

ಸ್ಪೀಡ್ ಟೆಸ್ಟ್ ಹೇಳೋದು ಸರಾಸರಿ. ಹತ್ತು ಹದಿನೈದು ಸೆಕೆಂಡಿನಲ್ಲಿ ಒಟ್ಟು ಎಷ್ಟು ಡೇಟಾ ಬಂತು ಅಂತ ಲೆಕ್ಕ ಹಾಕಿ ಭಾಗಿಸುತ್ತೆ. ಮಧ್ಯೆ ಅರ್ಧ ಸೆಕೆಂಡ್ ಏನೂ ಬರದೇ ಇದ್ದರೂ ಆ ಸಂಖ್ಯೆಯಲ್ಲಿ ಅದು ಕಾಣೋದೇ ಇಲ್ಲ. ವಿಡಿಯೋ ಹಾಗಲ್ಲ. ಸೆಕೆಂಡಿಗೆ 30 ಚಿತ್ರ ಅಂದರೆ ಸುಮಾರು 33 ಮಿಲಿಸೆಕೆಂಡಿಗೆ ಒಂದು ಚಿತ್ರ ಪರದೆ ಮೇಲೆ ಬರಲೇಬೇಕು. ಆ ಚಿತ್ರದ ಪ್ಯಾಕೆಟ್ ಸಮಯಕ್ಕೆ ಸರಿಯಾಗಿ ಬರದಿದ್ದರೆ, ಆಮೇಲೆ ಬಂದರೂ ಬರದಿದ್ದರೂ ಒಂದೇ. ಪರೀಕ್ಷೆ ಮುಗಿದ ಮೇಲೆ ಹಾಲ್ ಟಿಕೆಟ್ ಸಿಕ್ಕ ಹಾಗೆ. ಆದ್ದರಿಂದ ವೈರ್‌ಲೆಸ್ ಮೇಲೆ ವಿಡಿಯೋ ನೆಟ್ಟಗೆ ಓಡಬೇಕು ಅಂದರೆ ಮೊದಲು ಕೇಳಬೇಕಾದ್ದು "ಎಷ್ಟು ವೇಗ?" ಅಂತ ಅಲ್ಲ. "ಎಷ್ಟು ಹೊತ್ತು ಕಾಯಬಹುದು?" ಅಂತ. ಈ ಲೇಖನದಲ್ಲಿ ನಾವು ಹೇಳೋಕೆ ಹೊರಟಿರೋದು ಇದನ್ನೇ.

ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ. ಎಲ್ಲ ಪ್ಯಾಕೆಟ್‌ಗಳೂ ಸಮಾನ ಅಲ್ಲ. ಎಚ್.264 ಥರದ ಕೋಡೆಕ್‌ಗಳಲ್ಲಿ ಆಗಾಗ ಒಂದು ಪೂರ್ತಿ ಚಿತ್ರ ಇರುತ್ತೆ, ಅದಕ್ಕೆ ಐ-ಫ್ರೇಮ್ ಅಥವಾ ಕೀಫ್ರೇಮ್ ಅಂತಾರೆ. ಅದರ ನಂತರ ಬರೋ ಚಿತ್ರಗಳು "ಹಿಂದಿನದಕ್ಕಿಂತ ಏನೇನು ಬದಲಾಗಿದೆ" ಅಂತ ಮಾತ್ರ ಹೇಳುತ್ತವೆ. ಎರಡು ಸೆಕೆಂಡಿಗೊಂದು ಕೀಫ್ರೇಮ್ ಇದೆ ಅಂದ್ಕೊಳ್ಳಿ. ಅದರ ಒಂದು ತುಂಡು ಕಳೆದುಹೋದರೆ ಮುಂದಿನ ಕೀಫ್ರೇಮ್ ಬರೋ ತನಕ ಚಿತ್ರ ಕಲೆಸಿದ ರಂಗೋಲಿ ಥರ ಇರಬಹುದು. ಹೋಗಿದ್ದು ಒಂದೇ ಪ್ಯಾಕೆಟ್, ಕೆಟ್ಟಿದ್ದು ಅರವತ್ತು ಚಿತ್ರ.

ಗಾಳಿಯಲ್ಲಿ ಏನಾಗುತ್ತೆ

ಕೇಬಲ್‌ನಲ್ಲಿ ಸಿಗ್ನಲ್ ಒಂದೇ ದಾರಿಯಲ್ಲಿ ಹೋಗುತ್ತೆ. ಗಾಳಿಯಲ್ಲಿ ಅದು ಗೋಡೆ, ಕಬ್ಬಿಣದ ಮಂಚ, ಬೀರು, ನಮ್ಮ ಮೈ ಎಲ್ಲಕ್ಕೂ ಬಡಿದು ನಾಲ್ಕಾರು ದಾರಿಯಲ್ಲಿ ಬರುತ್ತೆ. ಈ ಅಲೆಗಳು ಸೇರುವ ಜಾಗದಲ್ಲಿ ಒಂದನ್ನೊಂದು ಹೆಚ್ಚಿಸಬಹುದು, ಇಲ್ಲಾ ಅಳಿಸಿ ಹಾಕಬಹುದು. 2.4 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಅಂದರೆ ಮೊಬೈಲ್ ಅನ್ನ ನಾಲ್ಕು ಬೆರಳು ಆಚೆ ಸರಿಸಿದರೂ ಒಳ್ಳೆ ಜಾಗ ಕೆಟ್ಟ ಜಾಗ ಆಗಬಹುದು. ನೀವು ಮೊಬೈಲ್ ಅಲ್ಲಾಡಿಸದೇ ಇದ್ದರೂ ಪಕ್ಕದಲ್ಲಿ ಯಾರೋ ನಡೆದುಹೋದರೆ ಸಾಕು. ಸಿಗ್ನಲ್ ಕಡ್ಡಿಗಳು ಈ ಕ್ಷಣಿಕ ಏರಿಳಿತವನ್ನ ತೋರಿಸೋದಿಲ್ಲ, ಅವೂ ಒಂಥರಾ ಸರಾಸರಿಯೇ.

ವೈ-ಫೈ ಇದಕ್ಕೆ ಒಂದು ಉಪಾಯ ಮಾಡಿಕೊಂಡಿದೆ. ಒಬ್ಬರಿಗೇ ಅಂತ ಕಳಿಸಿದ ಪ್ರತಿ ಫ್ರೇಮ್‌ಗೂ "ಬಂತು" ಅನ್ನೋ ಉತ್ತರ ಬರಬೇಕು. ಬರಲಿಲ್ಲ ಅಂದರೆ ಮತ್ತೆ ಕಳಿಸುತ್ತೆ. ಸಾಮಾನ್ಯವಾಗಿ ಏಳು ಪ್ರಯತ್ನದ ತನಕ ನೋಡಿ, ಆಮೇಲೆ ಕೈಬಿಡುತ್ತೆ. ಲೆಕ್ಕ ಹಾಕಿ ನೋಡೋಣ. ಒಂದು ಪ್ರಯತ್ನ ಸೋಲುವ ಸಾಧ್ಯತೆ ಶೇಕಡಾ 10 ಅಂದ್ಕೊಂಡರೆ, ಏಳೂ ಸೋಲುವ ಸಾಧ್ಯತೆ 0.1ರ ಏಳನೇ ಘಾತ, ಅಂದರೆ ಕೋಟಿಗೆ ಒಂದು. ಇಷ್ಟು ಚೆನ್ನಾಗಿದ್ದ ಮೇಲೆ ವಿಡಿಯೋ ನಿಲ್ಲೋ ಹಾಗೇ ಇಲ್ಲವಲ್ಲ?

ಪ್ರಾಬಬಿಲಿಟಿ ಕ್ಲಾಸ್‌ನಲ್ಲಿ ಕೂತವರಿಗೆ ಎಲ್ಲಿ ಎಡವಟ್ಟಾಯ್ತು ಅಂತ ಹೊಳೆದಿರಬಹುದು. ಗುಣಿಸಬೇಕಾದರೆ ಪ್ರಯತ್ನಗಳು ಒಂದಕ್ಕೊಂದು ಸಂಬಂಧ ಇಲ್ಲದವು ಆಗಿರಬೇಕು. ಗಾಳಿಯಲ್ಲಿ ಹಾಗಿರಲ್ಲ. ಈಗ ಸಿಗ್ನಲ್ ಕುಸಿದಿದ್ದರೆ ಇನ್ನು ಎರಡು ಮಿಲಿಸೆಕೆಂಡ್ ಆದ ಮೇಲೂ ಅದು ಕುಸಿದೇ ಇರುತ್ತೆ. ಪ್ಯಾಂಟ್ರಿಯಲ್ಲಿ ಯಾರೋ ಮೈಕ್ರೋವೇವ್ ಆನ್ ಮಾಡಿದರೆ ಅದೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡೋದು, ಬಿಸಿ ಆಗೋ ತನಕ ತೊಂದರೆ ಕೊಡುತ್ತೆ. ಅಂದರೆ ನಷ್ಟಗಳು ಗುಂಪುಗುಂಪಾಗಿ ಬರುತ್ತವೆ. ನಮ್ಮ ಸಿಟಿ ಬಸ್ಸನ್ನ ನೆನೆಸಿಕೊಳ್ಳಿ. ಹತ್ತು ನಿಮಿಷಕ್ಕೊಂದು ಅಂತ ಬೋರ್ಡಿನಲ್ಲಿ ಇರುತ್ತೆ, ಅರ್ಧ ಗಂಟೆ ಒಂದೂ ಬರಲ್ಲ, ಬಂದರೆ ಮೂರು ಒಟ್ಟಿಗೇ ಬರುತ್ತವೆ. ಸರಾಸರಿ ಸರಿಯಾಗೇ ಇದೆ, ಕಾದವನ ಕಾಲು ಮಾತ್ರ ಬಿದ್ದುಹೋಗಿರುತ್ತೆ.

ಇದನ್ನ ಲೆಕ್ಕಕ್ಕೆ ತಂದವರು ಬೆಲ್ ಲ್ಯಾಬ್ಸ್‌ನ ಗಿಲ್ಬರ್ಟ್, 1960ರಲ್ಲಿ. 1963ರಲ್ಲಿ ಎಲಿಯಟ್ ಅದನ್ನ ವಿಸ್ತರಿಸಿದರು. ಆಗ ಅವರ ಕಣ್ಣ ಮುಂದೆ ಇದ್ದದ್ದು ಟೆಲಿಫೋನ್ ಲೈನ್‌ಗಳು. ಮಾಡೆಲ್ ಬಹಳ ಸರಳ. ಚಾನೆಲ್‌ಗೆ ಎರಡು ಸ್ಥಿತಿ, ಒಳ್ಳೆಯದು ಮತ್ತು ಕೆಟ್ಟದ್ದು. ಒಳ್ಳೆ ಸ್ಥಿತಿಯಲ್ಲಿ ತಪ್ಪು ಅಪರೂಪ, ಕೆಟ್ಟದ್ದರಲ್ಲಿ ಜಾಸ್ತಿ. ಒಂದರಿಂದ ಇನ್ನೊಂದಕ್ಕೆ ಜಿಗಿಯೋದಕ್ಕೆ ಒಂದೊಂದು ಸಾಧ್ಯತೆ. ಮಾರ್ಕೋವ್ ಚೈನ್ ಪಾಠದಲ್ಲಿ ಬರೋ ಅತಿ ಚಿಕ್ಕ ಉದಾಹರಣೆ ಇದೇ. ಅರವತ್ತು ವರ್ಷ ಹಳೆಯದಾದರೂ ಇವತ್ತಿಗೂ ವೈರ್‌ಲೆಸ್ ಸಿಮ್ಯುಲೇಷನ್‌ಗಳಲ್ಲಿ ಇದೇ ಓಡ್ತಿದೆ.

ಮರುಪ್ರಯತ್ನಗಳಿಗೂ ಬೆಲೆ ಇದೆ. ಪ್ರತಿ ಸಲ ಸೋತಾಗ ವೈ-ಫೈ ಮುಂದಿನ ಪ್ರಯತ್ನಕ್ಕೆ ಮುಂಚೆ ಇನ್ನೂ ಹೆಚ್ಚು ಹೊತ್ತು ಕಾಯಬಹುದು. ಮೊದಲು 0ಯಿಂದ 15 ಸ್ಲಾಟ್‌ಗಳ ಒಳಗೆ ಒಂದು ಯಾದೃಚ್ಛಿಕ ಸಂಖ್ಯೆ, ಆಮೇಲೆ 31, 63 ಅಂತ ಮಿತಿ ದುಪ್ಪಟ್ಟಾಗುತ್ತಾ 1023ರ ತನಕ ಹೋಗಬಹುದು. ಜೊತೆಗೆ ಸಿಗ್ನಲ್ ಸರಿಯಿಲ್ಲದಾಗ ಕಳಿಸುವ ವೇಗವನ್ನೂ ಇಳಿಸುತ್ತೆ. ಇಲ್ಲಿ ಹಾಸ್ಟೆಲ್ ಕಾರಿಡಾರಿನ ರಾಜಕೀಯ ಶುರುವಾಗುತ್ತೆ. 1500 ಬೈಟ್‌ಗಳ ಒಂದು ಪ್ಯಾಕೆಟ್ 54 ಎಂಬಿಪಿಎಸ್‌ನಲ್ಲಿ ಹೋಗೋಕೆ ಸುಮಾರು 0.22 ಮಿಲಿಸೆಕೆಂಡ್ ಸಾಕು. ಕೊನೆ ರೂಮಿನವನಿಗೆ 6 ಎಂಬಿಪಿಎಸ್ ಮಾತ್ರ ಸಿಗುತ್ತೆ ಅಂದರೆ ಅದೇ ಪ್ಯಾಕೆಟ್‌ಗೆ 2 ಮಿಲಿಸೆಕೆಂಡ್ ಬೇಕು, ಒಂಬತ್ತು ಪಟ್ಟು. ಗಾಳಿ ಎಲ್ಲರಿಗೂ ಒಂದೇ, ಅವನು ಮಾತಾಡೋ ತನಕ ಉಳಿದವರು ಸುಮ್ಮನಿರಬೇಕು. ಅವನದೇನೂ ತಪ್ಪಿಲ್ಲ, ಆಕ್ಸೆಸ್ ಪಾಯಿಂಟ್ ಎಲ್ಲಿ ಇಡಬೇಕು ಅಂತ ತೀರ್ಮಾನ ಮಾಡಿದವರನ್ನ ಕೇಳಬೇಕು.

ಟಿಸಿಪಿಯ ಹಳೆ ಅಭ್ಯಾಸ

ಇದರ ಮೇಲೆ ಟಿಸಿಪಿ ಕೂತಿದೆ. 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಲ್ಯಾಬ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ ನಡುವೆ, ಕೇವಲ 400 ಗಜ ದೂರದಲ್ಲಿ, ನೆಟ್‌ವರ್ಕ್ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಸಾವಿರ ಅಲ್ಲ, ಬರೀ ನಲವತ್ತು. ಎಲ್ಲರೂ ಒಟ್ಟಿಗೆ ಮತ್ತೆ ಮತ್ತೆ ಕಳಿಸಿ ಜಾಮ್ ಆಗಿತ್ತು. ವ್ಯಾನ್ ಜೇಕಬ್ಸನ್ 1988ರಲ್ಲಿ ಇದಕ್ಕೆ ಕೊಟ್ಟ ಪರಿಹಾರ ಇವತ್ತಿಗೂ ಇಂಟರ್ನೆಟ್ಟನ್ನ ಕಾಪಾಡ್ತಿದೆ: ಪ್ಯಾಕೆಟ್ ಕಳೆದುಹೋದರೆ ದಾರಿ ಜಾಮ್ ಆಗಿದೆ ಅಂತ ತಿಳ್ಕೊಂಡು ವೇಗ ಇಳಿಸು.

ಕೇಬಲ್ ಜಗತ್ತಿನಲ್ಲಿ ಅದು ಸರಿ. ಗಾಳಿಯಲ್ಲಿ ಪ್ಯಾಕೆಟ್ ಹೋಗೋದು ಜಾಮ್‌ನಿಂದಲೇ ಆಗಬೇಕಿಲ್ಲ, ಪಕ್ಕದಲ್ಲಿ ಯಾರೋ ನಡೆದದ್ದರಿಂದಲೂ ಆಗಬಹುದು. ರಸ್ತೆ ಖಾಲಿ ಇದ್ದರೂ ಹಳ್ಳ ಸಿಕ್ಕಿತು ಅಂತ ಮೊದಲನೇ ಗೇರ್‌ಗೆ ಬರೋ ಡ್ರೈವರ್ ಥರ ಟಿಸಿಪಿ ವರ್ತಿಸುತ್ತೆ. ಇದಕ್ಕೊಂದು ಒರಟು ಸೂತ್ರ ಇದೆ. ಹಳೆ ಶೈಲಿಯ ಟಿಸಿಪಿಯ ವೇಗ, ಪ್ಯಾಕೆಟ್ ನಷ್ಟದ ವರ್ಗಮೂಲಕ್ಕೆ ವಿಲೋಮವಾಗಿರುತ್ತೆ. ಹೋಗಿ ಬರೋಕೆ 50 ಮಿಲಿಸೆಕೆಂಡ್, 1460 ಬೈಟ್‌ಗಳ ತುಂಡು, ಶೇಕಡಾ 1 ನಷ್ಟ ಅಂತ ಹಾಕಿದರೆ ಸಿಗೋದು ಹೆಚ್ಚುಕಡಿಮೆ 2.8 ಎಂಬಿಪಿಎಸ್. ಲೈನ್ 100 ಎಂಬಿಪಿಎಸ್ ಇದ್ದರೂ ಅಷ್ಟೇ. ನಷ್ಟವನ್ನ ನೂರರಲ್ಲಿ ಒಂದು ಭಾಗಕ್ಕೆ ಇಳಿಸಿದರೆ ವೇಗ ಹತ್ತು ಪಟ್ಟು ಆಗುತ್ತೆ. ಗೂಗಲ್ 2016ರಲ್ಲಿ ಹೊರತಂದ ಬಿಬಿಆರ್ ಅನ್ನೋ ವಿಧಾನ ನಷ್ಟವನ್ನೇ ನಂಬಿ ಕೂರದೆ ದಾರಿಯ ಅಗಲ ಮತ್ತು ಹೋಗಿ ಬರೋ ಸಮಯವನ್ನ ಅಳೆದು ವೇಗ ನಿರ್ಧಾರ ಮಾಡುತ್ತೆ. ಅದಕ್ಕೇ ವೈರ್‌ಲೆಸ್‌ನಲ್ಲಿ ಅದು ಇಷ್ಟು ಬೇಗ ಹೆದರಲ್ಲ.

ಮೂರು ಥರದ ಬೆಲೆ

ಈಗ ಪರಿಹಾರಕ್ಕೆ ಬರೋಣ. ಎಷ್ಟು ಪೇಪರ್ ಓದಿದರೂ ಕೊನೆಗೆ ಮೂರೇ ಥರದ ಬೆಲೆ ಕಾಣುತ್ತೆ. ಸಮಯ ಕೊಡಬೇಕು, ಇಲ್ಲಾ ಬ್ಯಾಂಡ್‌ವಿಡ್ತ್ ಕೊಡಬೇಕು, ಇಲ್ಲಾ ಚಿತ್ರದ ಅಂದ ಕೊಡಬೇಕು. ಪುಕ್ಕಟೆ ಯಾವುದೂ ಇಲ್ಲ.

ಸಮಯ ಕೊಡೋದು ಅಂದರೆ ಬಫರ್. ಹಾಸ್ಟೆಲ್ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ. ಕೆಳಗಿನ ನೀರು ಯಾವಾಗ ಬರುತ್ತೋ ಯಾವಾಗ ನಿಲ್ಲುತ್ತೋ ಗೊತ್ತಿಲ್ಲ, ಆದರೆ ಟ್ಯಾಂಕ್ ತುಂಬಿದ್ದರೆ ನಲ್ಲಿಯಲ್ಲಿ ಒಂದೇ ಸಮ ಬರುತ್ತೆ. 20 ಸೆಕೆಂಡಿನ ವಿಡಿಯೋ ಮೊದಲೇ ತುಂಬಿಟ್ಟಿದ್ದರೆ ಐದು ಸೆಕೆಂಡ್ ನೆಟ್ ಹೋದರೂ ನೋಡುವವರಿಗೆ ಗೊತ್ತೇ ಆಗಲ್ಲ. ಆ 20 ಸೆಕೆಂಡಿನ ಒಳಗೆ ಹೋದ ಪ್ಯಾಕೆಟ್ಟನ್ನ ಹತ್ತು ಸಲ ಬೇಕಾದರೂ ಮತ್ತೆ ತರಿಸಬಹುದು.

ಬ್ಯಾಂಡ್‌ವಿಡ್ತ್ ಕೊಡೋದು ಅಂದರೆ ಮುಂಚೆನೇ ಹೆಚ್ಚುವರಿ ಪ್ಯಾಕೆಟ್ ಕಳಿಸೋದು. ರೀಡ್ ಮತ್ತು ಸಾಲಮನ್ 1960ರಲ್ಲಿ ಕೊಟ್ಟ ಕೋಡ್ ಕ್ಯೂಆರ್ ಕೋಡ್‌ನಲ್ಲೂ ಇದೆ. ಅದಕ್ಕೇ ಅಂಗಡಿಯಲ್ಲಿ ಅಂಟಿಸಿದ ಸ್ಟಿಕ್ಕರ್ ಸ್ವಲ್ಪ ಹರಿದಿದ್ದರೂ ಸ್ಕ್ಯಾನ್ ಆಗುತ್ತೆ. ಅದೇ ವಿದ್ಯೆಯಲ್ಲಿ 10 ಪ್ಯಾಕೆಟ್‌ಗೆ 2 ಹೆಚ್ಚುವರಿ ಸೇರಿಸಿದರೆ, 12ರಲ್ಲಿ ಯಾವ ಎರಡು ಹೋದರೂ ಪೂರ್ತಿ ಹತ್ತು ವಾಪಸ್ ಸಿಗುತ್ತೆ. ನಷ್ಟ ಶೇಕಡಾ 5 ಇದ್ದು, ಬಿಡಿಬಿಡಿಯಾಗಿ ಆದರೆ, ಏನೂ ಸೇರಿಸದ 10 ಪ್ಯಾಕೆಟ್‌ಗಳ ಗುಂಪು ಕೆಡುವ ಸಾಧ್ಯತೆ ಸುಮಾರು ಶೇಕಡಾ 40. ಎರಡು ಸೇರಿಸಿದ ಮೇಲೆ ಅದು ಶೇಕಡಾ 2ಕ್ಕೆ ಇಳಿಯುತ್ತೆ. ನಾವೇ ಬೈನಾಮಿಯಲ್ ಹಾಕಿ ನೋಡಿದ್ದೇವೆ, ನೀವೂ ನೋಡಿ. ಆದರೆ ಅದೇ ಶೇಕಡಾ 5 ನೂರು ಪ್ಯಾಕೆಟ್‌ಗೆ ಒಂದು ಸಲ ಐದೂ ಒಟ್ಟಿಗೆ ಹೋಗೋ ಥರ ಬಂದರೆ? ಆ ಐದು ಒಂದೇ ಗುಂಪಿನಲ್ಲಿ ಬಿದ್ದರೆ ಹೆಚ್ಚುವರಿ ಎರಡು ಸಾಲಲ್ಲ. ಅದಕ್ಕೆ ಪ್ಯಾಕೆಟ್‌ಗಳನ್ನ ಇಸ್ಪೀಟ್ ಎಲೆ ಕಲೆಸಿದ ಹಾಗೆ ಬೇರೆ ಬೇರೆ ಗುಂಪಿಗೆ ಹಂಚಿ ಕಳಿಸ್ತಾರೆ, ಪೆಟ್ಟು ಎಲ್ಲರಿಗೂ ಸ್ವಲ್ಪ ಸ್ವಲ್ಪ ಬೀಳಲಿ ಅಂತ. ಹಂಚಿದ್ದನ್ನ ಮತ್ತೆ ಜೋಡಿಸೋಕೆ ಕಾಯಬೇಕು. ನೋಡಿ, ಮತ್ತೆ ಸಮಯಕ್ಕೇ ಬಂದ್ವಿ.

ಅಂದ ಕೊಡೋದು ನಿಮಗೆಲ್ಲ ಗೊತ್ತಿರೋದೇ. 2009ರಲ್ಲಿ ಆಪಲ್ ತಂದ ಎಚ್‌ಎಲ್‌ಎಸ್, 2012ರಲ್ಲಿ ಸ್ಟ್ಯಾಂಡರ್ಡ್ ಆದ ಡ್ಯಾಶ್, ಎರಡರಲ್ಲೂ ವಿಡಿಯೋವನ್ನ ಕೆಲವೇ ಸೆಕೆಂಡುಗಳ ತುಂಡು ಮಾಡಿ ಪ್ರತಿ ತುಂಡನ್ನೂ ನಾಲ್ಕಾರು ಗುಣಮಟ್ಟದಲ್ಲಿ ಇಟ್ಟಿರುತ್ತಾರೆ. ಪ್ಲೇಯರ್ ಪ್ರತಿ ತುಂಡಿಗೂ ಯಾವುದು ಬೇಕು ಅಂತ ಆರಿಸುತ್ತೆ. ಹೇಗೆ ಆರಿಸಬೇಕು ಅನ್ನೋದರಲ್ಲೇ ಮಜಾ ಇರೋದು. ಮುಂದಿನ ಐದು ಸೆಕೆಂಡ್ ವೇಗ ಎಷ್ಟಿರುತ್ತೆ ಅಂತ ಊಹಿಸಿ ಆರಿಸೋದು ಒಂದು ದಾರಿ. ಆದರೆ ವೈರ್‌ಲೆಸ್‌ನಲ್ಲಿ ಊಹೆ ಮತ್ತು ಹವಾಮಾನ ವರದಿ ಎರಡೂ ಒಂದೇ. 2014ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ನೆಟ್‌ಫ್ಲಿಕ್ಸ್‌ನವರು ಸೇರಿ ಇನ್ನೊಂದು ದಾರಿ ಪರೀಕ್ಷಿಸಿದರು. ವೇಗ ಊಹಿಸೋದನ್ನ ಆದಷ್ಟು ಬಿಟ್ಟು ಟ್ಯಾಂಕ್ ಎಷ್ಟು ತುಂಬಿದೆ ಅಂತ ನೋಡು. ತುಂಬಿದ್ದರೆ ಒಳ್ಳೆ ಚಿತ್ರ ತರಿಸು, ಖಾಲಿಯಾಗ್ತಿದ್ದರೆ ಮಬ್ಬು ಚಿತ್ರ ತರಿಸು. ಇಷ್ಟೇ ಮಾಡಿದ್ದಕ್ಕೆ ವಿಡಿಯೋ ನಿಂತುಹೋಗೋದು ಆಗ ನೆಟ್‌ಫ್ಲಿಕ್ಸ್ ಬಳಸ್ತಿದ್ದ ವಿಧಾನಕ್ಕಿಂತ ಶೇಕಡಾ 10ರಿಂದ 20 ಕಡಿಮೆ ಆಯ್ತು. ನಮಗೆ ಈ ಪೇಪರ್ ಇಷ್ಟ ಆಗಿದ್ದು ಇದರ ಧೈರ್ಯಕ್ಕೆ. ಗೊತ್ತಾಗದೇ ಇರೋದನ್ನ ಊಹಿಸೋ ಬದಲು, ಗೊತ್ತಿರೋದನ್ನ ನೋಡು ಅಂತ ಹೇಳುತ್ತೆ.

ನವೆಂಬರ್ ನಾಟಕದ ಮಾತು

ಇಷ್ಟೆಲ್ಲ ಬರೆಯೋಕೆ ಒಂದು ಕಾರಣ ಇದೆ. ರಾಜ್ಯೋತ್ಸವಕ್ಕೆ ನಮ್ಮ ಸಂಘದ ನಾಟಕ ಬಯಲು ರಂಗಮಂದಿರದಲ್ಲಿ ನಡೆಯುತ್ತೆ, ಅದನ್ನ ಲೈವ್ ಮಾಡಬೇಕು ಅಂತ ತೀರ್ಮಾನ ಆಗಿದೆ. ಪಾತ್ರ ಮಾಡುವವರಲ್ಲಿ ಹಲವರ ಮನೆ ಶಿರಸಿ, ಕೊಪ್ಪ, ತೀರ್ಥಹಳ್ಳಿ ಕಡೆ. ಅಪ್ಪ ಅಮ್ಮ ಒಂದು ರಾತ್ರಿ ನಾಟಕಕ್ಕೆ ಅಂತ ಅಷ್ಟು ದೂರದಿಂದ ಬರೋಕಾಗಲ್ಲ. ಅಲ್ಲಿನ ನೆಟ್‌ವರ್ಕ್ ಹೇಗೆ ಅಂತ ನಾವು ಹೇಳಬೇಕಿಲ್ಲ. 2020ರಲ್ಲಿ, ನಾವೆಲ್ಲ ಹೈಸ್ಕೂಲಲ್ಲಿದ್ದಾಗ, ಮಲೆನಾಡಿನ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿದ್ದು ಪೇಪರ್‌ಗಳಲ್ಲೇ ಬಂದಿತ್ತು. ನಮ್ಮ ನಾಟಕದ ನಾಯಕಿ ಹಾಗೆ ಛತ್ರಿ ಹಿಡ್ಕೊಂಡು ಗುಡ್ಡದ ಮೇಲೆ ಕೂತು ಪಾಠ ಕೇಳಿದವಳೇ. ಅವಳ ಅಜ್ಜಿಗೆ ಈಗ ಮೊಮ್ಮಗಳ ನಾಟಕ ನೋಡಬೇಕು, ಅಂಗಳದ ಮೂಲೆಯಲ್ಲಿ ಸಿಗ್ನಲ್ ಸಿಗೋ ಕಡೆ ಕುರ್ಚಿ ಹಾಕಿ ಕೊಡ್ತಾರಂತೆ.

ಸಂಘದ ಮೀಟಿಂಗ್‌ನಲ್ಲಿ ಕೆಲವರು "ಲೇಟೆನ್ಸಿ ಅತಿ ಕಡಿಮೆ ಇಡೋಣ, ನಿಜವಾದ ಲೈವ್ ಥರ ಇರಲಿ" ಅಂದರು. ನಮ್ಮ ವಾದ ಪೂರ್ತಿ ಉಲ್ಟಾ. ಎರಡೂ ಕಡೆಯಿಂದ ಮಾತಾಡೋ ವಿಡಿಯೋ ಕಾಲ್ ಆಗಿದ್ದರೆ ಒಂದು ಕಡೆಗೆ 150 ಮಿಲಿಸೆಕೆಂಡ್ ದಾಟಿದ ಮೇಲೆ ಮಾತು ಒಂದರ ಮೇಲೊಂದು ಬೀಳೋಕೆ ಶುರುವಾಗುತ್ತೆ, ಅಲ್ಲಿ ಸಮಯ ದುಬಾರಿ. ನಾಟಕದಲ್ಲಿ ಅಜ್ಜಿ ರಂಗದ ಮೇಲಿನವರಿಗೆ ಉತ್ತರ ಕೊಡಬೇಕಿಲ್ಲ. ಪರದೆ ಮೇಲೆ 30 ಸೆಕೆಂಡ್ ತಡವಾಗಿ ಬಂದರೆ ಅವರಿಗೇನು ನಷ್ಟ? ಸಮಯ ಇಲ್ಲಿ ಅಗ್ಗದ ವಸ್ತು. ಅಗ್ಗದ್ದನ್ನೇ ಧಾರಾಳವಾಗಿ ಖರ್ಚು ಮಾಡಬೇಕು. ಲೇಟೆನ್ಸಿ ಕಡಿಮೆ ಮಾಡಿದರೆ ಖುಷಿಪಡೋದು ಫೈಬರ್ ಇರುವ ಮನೆಯವರು, ಹೊರಗೆ ಬೀಳೋದು ಅಂಗಳದ ಕುರ್ಚಿ. ಯೂಟ್ಯೂಬ್‌ನ ಸೆಟ್ಟಿಂಗ್‌ನಲ್ಲಿ ನಾರ್ಮಲ್ ಲೇಟೆನ್ಸಿಯೇ ಇರಲಿ ಅಂತ ಈಗ ಒಪ್ಪಿಗೆ ಆಗಿದೆ.

ನೋಡುವವರ ಕಡೆಯ ತೊಂದರೆಗಿಂತ ದೊಡ್ಡದು ಕಳಿಸುವ ಕಡೆಯದು. ಅಂಗಳದಲ್ಲಿ ನೆಟ್ ಹೋದರೆ ಒಂದು ಮನೆಗೆ ಹೋಯ್ತು, ರಂಗದ ಹತ್ತಿರ ಹೋದರೆ ಎಲ್ಲರಿಗೂ ಹೋಯ್ತು. ಅವತ್ತು ಬಯಲಿನಲ್ಲಿ ನೂರಾರು ಮೊಬೈಲ್‌ಗಳು ಅದೇ ಗಾಳಿಗೆ ಜಗಳ ಆಡ್ತಿರುತ್ತವೆ. ಹಾಗಾಗಿ ವೈರ್‌ಲೆಸ್ ಬಗ್ಗೆ ಇಷ್ಟು ಬರೆದ ಮೇಲೆ ನಮ್ಮ ಮೊದಲ ಸಲಹೆ: ಸಾಧ್ಯವಾದರೆ ವೈರ್ ಎಳೆಯಿರಿ. ಈಥರ್ನೆಟ್ ಕೇಬಲ್ 100 ಮೀಟರ್ ತನಕ ಎಳೀಬಹುದು, ರಂಗದಿಂದ ಹತ್ತಿರದ ಬಿಲ್ಡಿಂಗ್‌ಗೆ ಎಷ್ಟಾಗುತ್ತೆ ಅಂತ ಟೇಪ್ ಹಿಡಿದು ಅಳೆಯೋದು ಈ ವಾರದ ಕೆಲಸ.

ದೂರ ಜಾಸ್ತಿ ಆದರೆ 5 ಗಿಗಾಹರ್ಟ್ಸ್‌ನಲ್ಲಿ ನಮ್ಮದೇ ಬೇರೆ ಲಿಂಕ್ ಹಾಕಬೇಕು. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಅಂದರೆ 1, 6, 11 ಮೂರೇ, ಆ ಮೂರೂ ಆಗಲೇ ತುಂಬಿರುತ್ತವೆ. ಆ ಲಿಂಕ್ ಮೇಲೆ ಎಸ್‌ಆರ್‌ಟಿ ಅನ್ನೋ ಪ್ರೋಟೋಕಾಲ್ ಬಳಸೋ ಯೋಚನೆ ಇದೆ. ಕೆನಡಾದ ಹೈವಿಷನ್ ಕಂಪನಿ 2017ರಲ್ಲಿ ಇದನ್ನ ಓಪನ್ ಸೋರ್ಸ್ ಮಾಡಿತು, ಓಬಿಎಸ್‌ನಲ್ಲೂ ಸಿಗುತ್ತೆ. ಇದು ಯುಡಿಪಿ ಮೇಲೆ ಓಡುತ್ತೆ, ಕಳೆದುಹೋದ ಪ್ಯಾಕೆಟ್ಟನ್ನ ಮಾತ್ರ ಮತ್ತೆ ಕೇಳುತ್ತೆ, ಆದರೆ ನಾವು ಕೊಟ್ಟ ಗಡುವಿನ ಒಳಗೆ ಮಾತ್ರ. ಆ ಗಡುವು ಡಿಫಾಲ್ಟ್ ಆಗಿ 120 ಮಿಲಿಸೆಕೆಂಡ್ ಇರುತ್ತೆ. ಯಾರೋ ಆಂಟೆನಾ ಮುಂದೆ ಅರ್ಧ ಸೆಕೆಂಡ್ ನಿಂತರೆ ಆ ಗಡುವು ಮುಗಿದುಹೋಗುತ್ತೆ. ಯೂಟ್ಯೂಬ್ ಹೇಗೂ ಹತ್ತಾರು ಸೆಕೆಂಡ್ ತಡ ಮಾಡುವಾಗ ಇಲ್ಲಿ ಜಿಪುಣತನ ಯಾಕೆ, 2 ಸೆಕೆಂಡ್ ಕೊಟ್ಟುಬಿಡೋಣ. ರಂಗದ ಲ್ಯಾಪ್‌ಟಾಪ್‌ನಿಂದ ಲ್ಯಾಬ್‌ನ ಕಂಪ್ಯೂಟರ್ ತನಕ ಎಸ್‌ಆರ್‌ಟಿ, ಅಲ್ಲಿಂದ ಕೇಬಲ್ ಇಂಟರ್ನೆಟ್‌ನಲ್ಲಿ ಯೂಟ್ಯೂಬ್‌ಗೆ ಮಾಮೂಲಿ ಆರ್‌ಟಿಎಂಪಿ.

ಬಿಟ್‌ರೇಟ್ ವಿಷಯದಲ್ಲಿ ಆಸೆ ಬೇಡ. ಅಳೆದಾಗ ಸಿಕ್ಕ ಅಪ್‌ಲೋಡ್ ವೇಗದ ಅರ್ಧ ಮೀರಬಾರದು ಅಂತ ನಾವು ಇಟ್ಕೊಂಡಿದ್ದೇವೆ. ಕೀಫ್ರೇಮ್ ಎರಡು ಸೆಕೆಂಡಿಗೊಂದು. 720 ಸಾಕು, ನಾಟಕದಲ್ಲಿ ಸೆಟ್ ಅಲ್ಲಾಡಲ್ಲ. ಧ್ವನಿಯ ಮೇಲೆ ಮಾತ್ರ ಕೈ ಹಿಡಿಯಬೇಡಿ. 128 ಕೆಬಿಪಿಎಸ್ ಅಂದರೆ ಒಟ್ಟು ಲೆಕ್ಕದಲ್ಲಿ ಚಿಲ್ಲರೆ. ಮುಖ ಎರಡು ಸೆಕೆಂಡ್ ಮಬ್ಬಾದರೆ ಯಾರೂ ಎದ್ದು ಹೋಗಲ್ಲ, ಸಂಭಾಷಣೆ ತುಂಡಾದರೆ ನಾಟಕವೇ ಹೋಯ್ತು.

ಮನೆಯವರಿಗೆ ಹೇಳಬೇಕಾದ್ದು ಒಂದೇ ಮಾತು. ಲಿಂಕ್ ತೆರೆದ ಮೇಲೆ ಕೆಳಗಿನ ಕೆಂಪು ಗೆರೆಯನ್ನ ಒಂದು ನಿಮಿಷ ಹಿಂದಕ್ಕೆ ಎಳೆದು ಬಿಡಿ, ಮತ್ತೆ ಲೈವ್ ಬಟನ್ ಒತ್ತಬೇಡಿ. ಹಿಂದಕ್ಕೆ ಎಳೆದರೆ ಮುಂದಿನ ಒಂದು ನಿಮಿಷದ ವಿಡಿಯೋ ಸರ್ವರ್‌ನಲ್ಲಿ ಆಗಲೇ ತಯಾರಿರುತ್ತೆ, ನೆಟ್ ಚೆನ್ನಾಗಿರುವಾಗ ಪ್ಲೇಯರ್ ಅದನ್ನ ತುಂಬಿಸಿಟ್ಟುಕೊಳ್ಳಬಹುದು. ಲೈವ್ ತುದಿಯಲ್ಲೇ ಕೂತರೆ ತುಂಬಿಸಿಕೊಳ್ಳೋಕೆ ಏನೂ ಇರಲ್ಲ, ಟ್ಯಾಂಕ್ ಯಾವಾಗಲೂ ತಳದಲ್ಲೇ. ಇದನ್ನ ಪೋಸ್ಟರ್‌ನಲ್ಲಿ ದೊಡ್ಡದಾಗಿ ಹಾಕ್ತೇವೆ.

ನಾಟಕಕ್ಕೆ ಮುಂಚೆ ಇದನ್ನೆಲ್ಲ ಲ್ಯಾಬ್‌ನಲ್ಲೇ ಕೆಡಿಸಿ ನೋಡೋದು ಹೇಗೆ ಅಂತ ಕೇಳ್ತೀರಾ? ಲಿನಕ್ಸ್‌ನಲ್ಲಿ ನೆಟೆಮ್ ಅಂತ ಒಂದು ಸೌಲಭ್ಯ ಇದೆ. ಚೆನ್ನಾಗಿರೋ ಕೇಬಲ್ ಲಿಂಕನ್ನ ಬೇಕಂತಲೇ ಹಾಳು ಮಾಡುತ್ತೆ: ಇಷ್ಟು ತಡ, ಇಷ್ಟು ನಷ್ಟ ಅಂತ ಹೇಳಿದರೆ ಸಾಕು. ಅದರಲ್ಲಿ ಗಿಲ್ಬರ್ಟ್-ಎಲಿಯಟ್ ಮಾಡೆಲ್ ಕೂಡ ಇದೆ. ಎರಡು ಲ್ಯಾಪ್‌ಟಾಪ್ ಸಾಕು. ಮೊದಲು ಶೇಕಡಾ 5 ಬಿಡಿ ನಷ್ಟ, ಆಮೇಲೆ ಅದೇ ಶೇಕಡಾ 5 ಗುಂಪು ನಷ್ಟ, ಪ್ರತಿ ಸಲ ಗಡುವು 120 ಮಿಲಿಸೆಕೆಂಡ್ ಮತ್ತು 2 ಸೆಕೆಂಡ್. ಒಟ್ಟು ನಾಲ್ಕು ಓಟ. ಶನಿವಾರ ಮಧ್ಯಾಹ್ನ ಊಟ ಆದ ಮೇಲೆ ನೆಟ್‌ವರ್ಕ್ಸ್ ಲ್ಯಾಬ್‌ನಲ್ಲಿ ಮಾಡ್ತೇವೆ. ಬ್ರಾಂಚ್ ಯಾವುದಾದರೂ ಸರಿ, ಬನ್ನಿ. ಬರುವಾಗ ನಿಮ್ಮದೇ ಲ್ಯಾನ್ ಕೇಬಲ್ ತನ್ನಿ, ಲ್ಯಾಬ್‌ನಲ್ಲಿ ಇರೋದರಲ್ಲಿ ಅರ್ಧಕ್ಕೆ ಕ್ಲಿಪ್ ಮುರಿದಿದೆ.